ಡ್ಯಾನ್ ಬ್ರೌನ್ ಕಾದಂಬರಿಗಳು: ಯಾವುದನ್ನು ಮೊದಲು ಓದಬೇಕು?

ಇಂಗ್ಲಿಷ್ ಕಾದಂಬರಿ ಓದಲು ಹೊಸದಾಗಿ ಶುರು ಮಾಡುವವರಿಗೆ ಡ್ಯಾನ್ ಬ್ರೌನ್ ಒಳ್ಳೆಯ ಆಯ್ಕೆ. ಭಾಷೆ ಸರಳ, ಅಧ್ಯಾಯಗಳು ಪುಟ್ಟವು. ಪ್ರತಿ ಅಧ್ಯಾಯವೂ ಒಂದು ಪ್ರಶ್ನೆಯಲ್ಲಿ ನಿಲ್ಲುವುದರಿಂದ ಪುಸ್ತಕ ಕೆಳಗಿಡಲು ಮನಸ್ಸಾಗುವುದಿಲ್ಲ. ಆದರೆ ಎಲ್ಲಿಂದ ಶುರು ಮಾಡುವುದು? ಪ್ರಥಮ ಪಿಯುಸಿಯ ಗೆಳೆಯರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಅದಕ್ಕೆ ನನ್ನ ಉತ್ತರವನ್ನು ಕಾರಣಸಹಿತ ಇಲ್ಲಿ ಬರೆದಿದ್ದೇನೆ.

ಮೊದಲು ಪಟ್ಟಿ. ಬ್ರೌನ್ ಬರೆದ ಥ್ರಿಲ್ಲರ್‌ಗಳು ಒಟ್ಟು ಎಂಟು. ಅವುಗಳಲ್ಲಿ ಎರಡು ಬಿಡಿ ಕಥೆಗಳು: 'ಡಿಜಿಟಲ್ ಫೋರ್ಟ್ರೆಸ್' (1998) ಮತ್ತು 'ಡಿಸೆಪ್ಷನ್ ಪಾಯಿಂಟ್' (2001). ಉಳಿದ ಆರರಲ್ಲಿ ನಾಯಕ ಒಬ್ಬನೇ, ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರೊಫೆಸರ್ ರಾಬರ್ಟ್ ಲ್ಯಾಂಗ್ಡನ್. ಅವು ಬಂದ ಕ್ರಮ ಹೀಗಿದೆ: 'ಏಂಜೆಲ್ಸ್ ಅಂಡ್ ಡೀಮನ್ಸ್' (2000), 'ದಿ ಡಾ ವಿಂಚಿ ಕೋಡ್' (2003), 'ದಿ ಲಾಸ್ಟ್ ಸಿಂಬಲ್' (2009), 'ಇನ್‌ಫರ್ನೊ' (2013), 'ಒರಿಜಿನ್' (2017), 'ದಿ ಸೀಕ್ರೆಟ್ ಆಫ್ ಸೀಕ್ರೆಟ್ಸ್' (2025).

ಹೆಚ್ಚಿನವರು 'ಡಾ ವಿಂಚಿ ಕೋಡ್'ನಿಂದ ಶುರು ಮಾಡುತ್ತಾರೆ, ಏಕೆಂದರೆ ಹೆಸರಾದದ್ದು ಅದೇ. ಸಿನಿಮಾ ಕೂಡ ಅದೇ ಮೊದಲು ಬಂತು, 2006ರಲ್ಲಿ. 2009ರಲ್ಲಿ ಬಂದ 'ಏಂಜೆಲ್ಸ್ ಅಂಡ್ ಡೀಮನ್ಸ್' ಸಿನಿಮಾವನ್ನು ಅದರ ಮುಂದಿನ ಕಥೆಯೆಂಬಂತೆ ತೆಗೆದರು. ಪುಸ್ತಕಗಳಲ್ಲಿ ಕ್ರಮ ಉಲ್ಟಾ. 'ಏಂಜೆಲ್ಸ್' ಕಥೆಯೇ ಮೊದಲು ನಡೆಯುವುದು, 'ಡಾ ವಿಂಚಿ'ಯಲ್ಲಿ ಲ್ಯಾಂಗ್ಡನ್ ಅದನ್ನು ನೆನಪಿಸಿಕೊಳ್ಳುತ್ತಾನೆ.

ನನ್ನ ಸಲಹೆ, 'ಏಂಜೆಲ್ಸ್ ಅಂಡ್ ಡೀಮನ್ಸ್' ಮೊದಲು. ಕಥೆಯ ಕ್ರಮ ಅದಕ್ಕೆ ಸಣ್ಣ ಕಾರಣ ಮಾತ್ರ. ದೊಡ್ಡ ಕಾರಣ ಬೇರೆ ಇದೆ. ಬ್ರೌನ್ ನಿಜವನ್ನೂ ಕಲ್ಪನೆಯನ್ನೂ ಬಿಡಿಸಲಾಗದಂತೆ ಬೆರೆಸುತ್ತಾರೆ. ಈ ಎರಡೂ ಕಾದಂಬರಿಗಳ ಆರಂಭದಲ್ಲಿ 'ವಾಸ್ತವ ಸಂಗತಿ' ಎಂದು ಒಂದು ಪುಟವನ್ನೇ ಇಟ್ಟಿದ್ದಾರೆ. ಈ ಬೆರಕೆಯನ್ನು ನಾವು ಸ್ವತಃ ಹಿಡಿಯಬಲ್ಲ ಪುಸ್ತಕ 'ಏಂಜೆಲ್ಸ್'.

ವಿಜ್ಞಾನದ ವಿದ್ಯಾರ್ಥಿಗಳು ಪ್ರತಿದ್ರವ್ಯದ ವಿಷಯ ನೋಡಲಿ. ಕಥೆಯಲ್ಲಿ ಜಿನೀವಾದ ಸರ್ನ್ ಪ್ರಯೋಗಾಲಯದಿಂದ ಕಾಲು ಗ್ರಾಂ ಪ್ರತಿದ್ರವ್ಯ ಕಳುವಾಗುತ್ತದೆ. ಸರ್ನ್ ಇರುವುದು ನಿಜ, ಅಲ್ಲಿ ಪ್ರತಿದ್ರವ್ಯ ತಯಾರಿಸುವುದೂ ನಿಜ. ಆದರೆ ಇದುವರೆಗೆ ತಯಾರಾದದ್ದನ್ನೆಲ್ಲ ಕೂಡಿಸಿದರೂ ಕಾಲು ಗ್ರಾಮಿನ ಹತ್ತಿರಕ್ಕೂ ಬರುವುದಿಲ್ಲ. ಇತಿಹಾಸದ ವಿದ್ಯಾರ್ಥಿಗಳು ಇಸವಿಗಳನ್ನು ನೋಡಲಿ. ಗೆಲಿಲಿಯೊ ಇಲ್ಯುಮಿನಾಟಿ ಎಂಬ ಗುಪ್ತಸಂಘಕ್ಕೆ ಸೇರಿದ್ದನೆಂದು ಕಾದಂಬರಿ ಹೇಳುತ್ತದೆ. ಇತಿಹಾಸಕ್ಕೆ ಗೊತ್ತಿರುವ ಇಲ್ಯುಮಿನಾಟಿ ಹುಟ್ಟಿದ್ದು ಜರ್ಮನಿಯ ಬವೇರಿಯಾದಲ್ಲಿ, 1776ರಲ್ಲಿ. ಗೆಲಿಲಿಯೊ ತೀರಿಕೊಂಡದ್ದು 1642ರಲ್ಲಿ.

ಮೂರನೆಯದು ನಮ್ಮನ್ನು ಹತ್ತಿರದಿಂದ ತಟ್ಟುವಂಥದ್ದು. ಕಾದಂಬರಿಯ ಕೊಲೆಗಾರನಿಗೆ 'ಹಸ್ಸಾಸಿನ್' ಎಂಬ ಹೆಸರಷ್ಟೇ ಇದೆ. ಅವನು ಅರಬ, ಕ್ರೂರಿ, ಹೆಣ್ಣುಮಕ್ಕಳನ್ನು ಹಿಂಸಿಸುವವನು. ಅವನ ಪೂರ್ವಿಕರು ಹಶೀಶ್ ಸೇವಿಸುವ ಕೊಲೆಗಾರರಾಗಿದ್ದರು ಎಂಬ ಹಳೆಯ ಕಥೆಯನ್ನು ಬ್ರೌನ್ ಇತಿಹಾಸವೆಂಬಂತೆ ಹೇಳುತ್ತಾರೆ. ಇದರ ಮೂಲ ಇರುವುದು ಇರಾನ್ ಮತ್ತು ಸಿರಿಯಾದ ಕೋಟೆಗಳಲ್ಲಿದ್ದ ನಿಜಾರಿ ಇಸ್ಮಾಯಿಲಿಗಳ ಬಗ್ಗೆ ಹಬ್ಬಿದ ದಂತಕಥೆಗಳಲ್ಲಿ. ಮಾರ್ಕೊ ಪೋಲೊನ ಪ್ರವಾಸಕಥನದಿಂದ ಅವು ಯುರೋಪಿನಲ್ಲಿ ಇನ್ನಷ್ಟು ಹರಡಿದವು. ಇತಿಹಾಸಕಾರ ಫರ್ಹಾದ್ ದಫ್ತರಿ ಅವು ಹೇಗೆ ಹುಟ್ಟಿ ಬೆಳೆದವೆಂದು 1994ರಲ್ಲಿ ಒಂದು ಇಡೀ ಪುಸ್ತಕವನ್ನೇ ಬರೆದಿದ್ದಾರೆ. ಸಿನಿಮಾದಲ್ಲಿ ಆ ಕೊಲೆಗಾರ ಅರಬನಲ್ಲ. ಅವನನ್ನು ಬದಲಿಸಿದರೂ ಕಥೆ ಎಲ್ಲಿಯೂ ನಿಲ್ಲಲಿಲ್ಲ ಎಂಬುದನ್ನು ಗಮನಿಸಿ.

ಹಾಗಾದರೆ ಅದನ್ನು ಓದಲೇಬಾರದೇ? ಓದಬೇಕು ಎನ್ನುತ್ತೇನೆ, ಅದನ್ನೇ ಮೊದಲು ಓದಬೇಕು. ನಮಗೆ ಗೊತ್ತಿರುವ ವಿಷಯವನ್ನು ಒಬ್ಬ ಲೇಖಕ ಹೇಗೆ ತಿರುಚುತ್ತಾನೆಂದು ಒಮ್ಮೆ ಕಂಡವರು, ಗೊತ್ತಿಲ್ಲದ ವಿಷಯ ಬಂದಾಗ ಎಚ್ಚರದಿಂದಿರುತ್ತಾರೆ. ಆ ಎಚ್ಚರ ಬೇಕಾಗುವುದು ಎರಡನೆಯ ಪುಸ್ತಕದಲ್ಲಿ.

'ಡಾ ವಿಂಚಿ ಕೋಡ್' ಕ್ರೈಸ್ತರ ನಂಬಿಕೆಯ ಮೂಲವನ್ನೇ ಮುಟ್ಟುತ್ತದೆ. 1099ರಲ್ಲಿ ಹುಟ್ಟಿದ ಪ್ರಯರಿ ಆಫ್ ಸಯನ್ ಎಂಬ ಸಂಘ ಒಂದು ದೊಡ್ಡ ರಹಸ್ಯವನ್ನು ಕಾಯುತ್ತಿದೆ ಎನ್ನುತ್ತದೆ ಕಥೆ. ನಿಜದಲ್ಲಿ ಆ ಹೆಸರಿನ ಸಂಘವನ್ನು ಫ್ರಾನ್ಸಿನಲ್ಲಿ 1956ರಲ್ಲಿ ಪಿಯೇರ್ ಪ್ಲಾಂಟಾರ್ ಎಂಬಾತ ನೋಂದಾಯಿಸಿದ. ಅದಕ್ಕೆ ಪುರಾತನ ಚರಿತ್ರೆಯನ್ನು ಕಟ್ಟಿದ್ದು ಖೊಟ್ಟಿ ದಾಖಲೆಗಳಿಂದ. ಈ ಪುಸ್ತಕ ಓದಿ, ಕ್ರೈಸ್ತ ಗೆಳೆಯರ ಮುಂದೆ ಅದನ್ನೇ ಸಾಕ್ಷಿಯಾಗಿಟ್ಟು ವಾದ ಮಾಡುವವರಿದ್ದಾರೆ. ಹಸ್ಸಾಸಿನ್‌ನನ್ನು ನೋಡಿ ಯಾರಾದರೂ ನಮ್ಮನ್ನು ಅಳೆದರೆ ನಮಗೆ ಹೇಗನಿಸುತ್ತದೋ, ಅವರಿಗೂ ಹಾಗೆಯೇ ಅನಿಸುತ್ತದೆ.

ಈ ಎರಡರ ನಂತರ ಕ್ರಮ ಅಷ್ಟು ಮುಖ್ಯವಲ್ಲ, ಪ್ರತಿ ಕಥೆಯೂ ಅಲ್ಲಲ್ಲೇ ಮುಗಿಯುತ್ತದೆ. ನಾನಾದರೆ 'ಇನ್‌ಫರ್ನೊ'ವನ್ನು ಮೂರನೆಯದಾಗಿ ಕೊಡುತ್ತೇನೆ. ಫ್ಲಾರೆನ್ಸ್‌ನಲ್ಲಿ ಶುರುವಾಗುವ ಕಥೆ ಇಸ್ತಾಂಬುಲ್ ತಲುಪಿ, ಅಯಾ ಸೋಫಿಯಾ ಮತ್ತು ಅದರ ಸಮೀಪದ ನೆಲದಡಿಯ ಜಲಾಶಯಕ್ಕೆ ಕರೆದೊಯ್ಯುತ್ತದೆ. ಪುಸ್ತಕ ಬಂದಾಗ ಅಯಾ ಸೋಫಿಯಾ ಮ್ಯೂಸಿಯಂ ಆಗಿತ್ತು, 2020ರಲ್ಲಿ ಮತ್ತೆ ಮಸೀದಿಯಾಯಿತು. ಇದರ ಸಿನಿಮಾವನ್ನು ಮಾತ್ರ ಪುಸ್ತಕ ಮುಗಿಸಿದ ಮೇಲೆಯೇ ನೋಡಿ, ಅದರಲ್ಲಿ ಕೊನೆಯನ್ನೇ ಬದಲಿಸಿದ್ದಾರೆ. ಕಂಪ್ಯೂಟರ್ ಸೈನ್ಸ್‌ನವರು ಕೃತಕ ಬುದ್ಧಿಮತ್ತೆಯ ಕಥೆಯಿರುವ 'ಒರಿಜಿನ್'ಗೆ ನೇರ ಹೋಗಬಹುದು.

ದಪ್ಪ ಪುಸ್ತಕ ಕಂಡರೆ ಹೆದರಿಕೆಯಾಗುವವರು 'ಡಿಜಿಟಲ್ ಫೋರ್ಟ್ರೆಸ್' ಓದಿ ಕೈ ಪಳಗಿಸಿಕೊಳ್ಳಿ. ಗುಪ್ತಲಿಪಿಯ ಸುತ್ತ ಹೆಣೆದ ಕಥೆ, ಲ್ಯಾಂಗ್ಡನ್ ಅದರಲ್ಲಿಲ್ಲ.

ಕೊನೆಯದಾಗಿ ಒಂದು ಮಾತು. ಆರನ್ನೂ ಒಂದೇ ಉಸಿರಿಗೆ ಓದಬೇಡಿ. ಒಂದು ಕೊಲೆ, ಒಂದು ಸಂಕೇತ, ಜೊತೆಗೊಬ್ಬ ಜಾಣೆ, ಗಡಿಯಾರದ ಜೊತೆ ಓಟ, ಹೀಗೆ ಅಚ್ಚು ಒಂದೇ. ಸತತವಾಗಿ ಓದಿದರೆ ಮೂರನೆಯ ಪುಸ್ತಕದ ಹೊತ್ತಿಗೆ ಖಳನಾಯಕ ಯಾರೆಂದು ಮೊದಲೇ ಊಹಿಸಿಬಿಡುತ್ತೀರಿ. ಎರಡರ ನಡುವೆ ಬೇರೆ ಯಾವುದಾದರೂ ಪುಸ್ತಕ ಓದಿ. ಬ್ರೌನ್ ಹೇಳಿದ ಸಂಗತಿಗಳಲ್ಲಿ ಯಾವುದು ನಿಜವೆಂದು ಹುಡುಕುವ ಇತಿಹಾಸದ ಪುಸ್ತಕವಾದರೆ ಇನ್ನೂ ಒಳ್ಳೆಯದು.