ಫಾತೋರ್ಡಾದಲ್ಲಿ ಕಪ್ ಕೈ ಬದಲಿಸಿದ ದಿನ

ಪಣಜಿಯ ಪಾಟ್ಟೊದಲ್ಲಿರುವ ಕೃಷ್ಣದಾಸ ಶಾಮಾ ಗ್ರಂಥಾಲಯದಲ್ಲಿ ನಾನು ಹುಡುಕುತ್ತಿದ್ದದ್ದು ಗಣಿ ಸುದ್ದಿ. ಗೋವಾದ ಗಣಿಗಾರಿಕೆ ಮೇಲಿದ್ದ ಸಂಪೂರ್ಣ ನಿಷೇಧವನ್ನು ಸುಪ್ರೀಂ ಕೋರ್ಟ್ ತೆರವು ಮಾಡಿ, ವರ್ಷಕ್ಕೆ 2 ಕೋಟಿ ಟನ್ ಮಿತಿ ಹಾಕಿದ್ದು 2014ರ ಏಪ್ರಿಲ್ 21ರಂದು. ಅದನ್ನು ಬರೆದುಕೊಂಡು ಕ್ರೀಡಾಪುಟಕ್ಕೆ ಹೊರಳಿದರೆ, ಅದೇ ಏಪ್ರಿಲ್ 21ರಂದು ಮಡಗಾಂವ್ ಪಕ್ಕದ ಫಾತೋರ್ಡಾ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ತಂಡ ಡೆಂಪೊವನ್ನು 4–2ರಿಂದ ಸೋಲಿಸಿ ಐ–ಲೀಗ್ ಫುಟ್‌ಬಾಲ್ ಗೆದ್ದಿದೆ. ಅದೂ ತಂಡ ಹುಟ್ಟಿದ ಮೊದಲ ವರ್ಷವೇ!

ಕುರ್ಚಿಯಿಂದ ಎದ್ದು ಒಂದು ಸುತ್ತು ಹಾಕಿ ಬಂದೆ. ಗೋವಾದಲ್ಲಿ ತಂಡ ಕಟ್ಟಿದ ಡೆಂಪೊ, ಸಾಲ್ಗಾಂವ್ಕರ್ ಮನೆತನಗಳ ಸಿರಿ ಬಂದದ್ದು ಕಬ್ಬಿಣದ ಅದಿರಿನಿಂದ. ಬೆಂಗಳೂರು ಎಫ್‌ಸಿಯ ಒಡೆತನ ತೋರಣಗಲ್ಲಿನಲ್ಲಿ ಉಕ್ಕು ಕಾರ್ಖಾನೆ ನಡೆಸುವ ಜೆಎಸ್‌ಡಬ್ಲ್ಯುದ್ದು. ಅದಿರು ಅಗೆದು ಮಾರಿದವರ ಊರಿಗೆ ಅದಿರು ಕರಗಿಸುವವರ ತಂಡ ಬಂದು ಕಪ್ ಎತ್ತಿಕೊಂಡು ಹೋಗಿದೆ. ಅದೂ ಅಗೆಯಲು ಮತ್ತೆ ದಾರಿ ತೆರೆದ ದಿನವೇ. ಕಾಕತಾಳೀಯ ಎನ್ನುವುದು ನನಗೂ ಗೊತ್ತು. ಆದರೂ ಇಂಥದ್ದು ಸಿಕ್ಕಾಗ ಸುಮ್ಮನಿರಲು ಆಗುವುದಿಲ್ಲ.

ಆ ಸೋಲಿನ ತೂಕ ತಿಳಿಯಬೇಕಾದರೆ ಹಿಂದಿನ ಏಳು ವರ್ಷ ನೋಡಬೇಕು. 2006–07ರಿಂದ 2012–13ರವರೆಗೆ ದೇಶದ ಲೀಗ್ ಪ್ರಶಸ್ತಿ ಒಮ್ಮೆಯೂ ಗೋವಾ ಬಿಟ್ಟು ಹೊರಗೆ ಹೋಗಿರಲಿಲ್ಲ. ಡೆಂಪೊಗೆ ನಾಲ್ಕು, ಚರ್ಚಿಲ್ ಬ್ರದರ್ಸ್‌ಗೆ ಎರಡು, ಸಾಲ್ಗಾಂವ್ಕರ್‌ಗೆ ಒಂದು. ಡೆಂಪೊದಲ್ಲಿ ಅರ್ಮಾಂಡೊ ಕೊಲಾಸೊ ತರಬೇತಿ, ನೈಜೀರಿಯದ ರಾಂಟಿ ಮಾರ್ಟಿನ್ಸ್ ಗೋಲುಗಳು, ಕ್ಲೈಮ್ಯಾಕ್ಸ್ ಲಾರೆನ್ಸ್, ಮಹೇಶ್ ಗವಳಿ, ಸಮೀರ್ ನಾಯಕ್. 2011ರಲ್ಲಿ ಡೆಂಪೊ ಏರ್ ಇಂಡಿಯಾ ತಂಡವನ್ನು 14–0ಯಿಂದ ಬಡಿದುಹಾಕಿತು. ಸಮಬಲದ ಸ್ಪರ್ಧೆ ಬೇಕು ಎನ್ನುವವರು ಆ ಅಂಕಪಟ್ಟಿಯನ್ನು ಈಗಲೂ ಎತ್ತಿ ತೋರಿಸುತ್ತಾರೆ. ಆ ವರ್ಷದ ಪ್ರಶಸ್ತಿ ಮಾತ್ರ ಡೆಂಪೊಗೆ ಅಲ್ಲ, ಸಾಲ್ಗಾಂವ್ಕರ್‌ಗೆ ಸಿಕ್ಕಿತು ಎಂಬುದನ್ನು ಅವರು ಹೇಳುವುದಿಲ್ಲ.

ಎಫ್‌ಸಿ ಗೋವಾ ಪಂದ್ಯವೊಂದರ ಸಂಜೆ ಫಾತೋರ್ಡಾಕ್ಕೆ ಹೋದೆ. ಸುತ್ತ ಎಲ್ಲಿ ನೋಡಿದರೂ ಕಿತ್ತಳೆ ಅಂಗಿ. ನನ್ನ ಪಕ್ಕದವರ ತಲೆ ಮೇಲೆ ಬಣ್ಣ ಬಿಟ್ಟ ಹಸಿರು ಟೋಪಿ, ಅಂದರೆ ಸಾಲ್ಗಾಂವ್ಕರ್ ಬಣ್ಣ. ಫೋನಿನಲ್ಲಿ ಅವರು ಗದಗ ಕಡೆಯ ಕನ್ನಡ ಮಾತಾಡಿದ್ದು ಕಿವಿಗೆ ಬಿತ್ತು. ವಾಸ್ಕೊದ ಬೈನಾದಲ್ಲಿ ಮನೆ, ಬದುಕಿನ ಬಹುಪಾಲು ಅದಿರು ಟಿಪ್ಪರ್ ಓಡಿಸಿದ್ದು ಸಾವರ್ಡೆ–ಕುಡಚಡೆ ರಸ್ತೆಯಲ್ಲಿ. ಬಲಗೈ ಎಡಗೈಗಿಂತ ಕಪ್ಪು. ಕಿಟಕಿಗೆ ಮೊಣಕೈ ಊರಿ ಓಡಿಸಿದವರ ಗುರುತು. ಅವರನ್ನು ಕಾಕಾ ಎಂದೇ ಕರೆದೆ.

‘ಇದs ಗ್ರೌಂಡ್ ರೀ ಎಲ್ಲಾರದೂ. ಈ ವಾರ ನಾವು ಈ ಕಡೆ ಕುಂತ್ರ ಡೆಂಪೊ ಮಂದಿ ಆ ಕಡೆ. ಮುಂದ ಮತ್ತ ಅವರ ಹೋಮ್ ಮ್ಯಾಚ್ ಅಂತ ಬರ್ತಿದ್ವಿ. ಬಂದ್ರ ಅದs ಗೇಟು, ಅದs ಶೇಂಗಾದಾವ. ಹೋಮ್ ಯಾವ್ದು, ಹೊರಗಿಂದು ಯಾವ್ದು?’

ಈ ಮಾತು ತಲೆ ಕೊರೆಯತೊಡಗಿತು. ಗೋವಾದ ತಂಡಗಳಿಗೆ ಬಹುಕಾಲ ಫಾತೋರ್ಡಾವೇ ತವರು ಮೈದಾನ. ವಿರಾಮದಲ್ಲಿ ಟಿಕೆಟಿನ ಹಿಂದೆ ಲೆಕ್ಕ ಹಾಕಿದೆ. 2011–12ರಲ್ಲಿ ಲೀಗ್‌ನಲ್ಲಿದ್ದದ್ದು 14 ತಂಡ. ಅದರಲ್ಲಿ ಡೆಂಪೊ, ಸಾಲ್ಗಾಂವ್ಕರ್, ಚರ್ಚಿಲ್, ಸ್ಪೋರ್ಟಿಂಗ್ ನಾಲ್ಕೂ ಗೋವಾದವು. ಒಂದೊಂದು ತಂಡಕ್ಕೆ 26 ಪಂದ್ಯ. ತವರಿನ 13ರ ಜತೆಗೆ ಗೋವಾದವರ ಎದುರಿನ ‘ಹೊರಗಿನ’ ಮೂರು ಸೇರಿಸಿದರೆ 16 ಪಂದ್ಯಗಳಿಗೆ ಗಡಿ ದಾಟುವ ಪ್ರಮೇಯವೇ ಇಲ್ಲ. ಅದೇ ವರ್ಷ ಆಡಿದ ಬೆಂಗಳೂರಿನ ಎಚ್‌ಎಎಲ್‌ಗೆ ಸಿಕ್ಕಿದ್ದು ಬರೀ 13. ಉಳಿದದ್ದಕ್ಕೆಲ್ಲ ಗಂಟುಮೂಟೆ ಕಟ್ಟಬೇಕು. ಪಾಪ, ಅದು ಆ ವರ್ಷವೇ ಕೆಳದರ್ಜೆಗೆ ಇಳಿಯಿತು. ಗೋವಾದ ಪಾರುಪತ್ಯದ ಗುಟ್ಟು ಸಿಕ್ಕೇಬಿಟ್ಟಿತು ಎನ್ನುವಷ್ಟರಲ್ಲಿ ಕೋಲ್ಕತ್ತ ಅಡ್ಡ ಬಂತು. ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್, ಪ್ರಯಾಗ್ ಯುನೈಟೆಡ್, ಪೈಲಾನ್ ಆ್ಯರೋಸ್: ಅಲ್ಲೂ ನಾಲ್ಕು ತಂಡ, ತಲಾ 16 ಪಂದ್ಯ ಮನೆ ಬಾಗಿಲಲ್ಲೇ. ಆದರೂ ಆ ಏಳು ವರ್ಷಗಳಲ್ಲಿ ಬಂಗಾಳಕ್ಕೆ ಒಂದೂ ಲೀಗ್ ಪ್ರಶಸ್ತಿ ಇಲ್ಲ. ನನ್ನ ಗುಟ್ಟು ಠುಸ್ಸಾಯಿತು.

ಹಾಗಾದರೆ ಗೋವಾ ಬಿದ್ದದ್ದೇಕೆ? ‘ಗಣಿ ನಿಂತಿತು, ಫುಟ್‌ಬಾಲ್ ಸತ್ತಿತು’ ಎಂಬುದು ಪಣಜಿಯಲ್ಲಿ ಯಾರನ್ನು ಕೇಳಿದರೂ ಸಿಗುವ ಉತ್ತರ. ನನಗೆ ಇದರಲ್ಲಿ ಅರ್ಧ ನಂಬಿಕೆ. ನಿಷೇಧ ಬಂದದ್ದು 2012ರ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. ಡೆಂಪೊದವರು ಗಣಿ ವ್ಯವಹಾರವನ್ನು 2009ರಲ್ಲೇ ಸೆಸಾ ಗೋವಾಕ್ಕೆ ಮಾರಿ ಕೈತೊಳೆದುಕೊಂಡಿದ್ದರು. ಆಮೇಲೂ ಎರಡು ಲೀಗ್ ಗೆದ್ದರು. ನಮ್ಮ ಬಳ್ಳಾರಿಯಲ್ಲೂ ಅದಿರಿಗೆ ಬರವಿರಲಿಲ್ಲ. ಅಲ್ಲಿನ ಗಣಿಧಣಿಗಳು ಹೆಲಿಕಾಪ್ಟರ್ ಕೊಂಡರೇ ಹೊರತು ಫುಟ್‌ಬಾಲ್ ತಂಡ ಕಟ್ಟಲಿಲ್ಲ.

ನನ್ನ ಅನುಮಾನವೆಲ್ಲ 2014ರ ಕೊನೆಯಲ್ಲಿ ಶುರುವಾದ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಮೇಲೆ. ಎಫ್‌ಸಿ ಗೋವಾ ಹುಟ್ಟಿದಾಗ ವಿಡಿಯೊಕಾನ್‌ನ ವೇಣುಗೋಪಾಲ ಧೂತ್ ಜತೆ ಪಾಲುದಾರರಾದವರು ಯಾರು? ಶ್ರೀನಿವಾಸ ಡೆಂಪೊ ಮತ್ತು ದತ್ತರಾಜ್ ಸಾಲ್ಗಾಂವ್ಕರ್! ಮೈದಾನದಲ್ಲಿ ಎದುರುಬದುರಾಗಿದ್ದ ಎರಡು ಮನೆತನ ಒಂದೇ ಪೆಟ್ಟಿಗೆಗೆ ಹಣ ಹಾಕಿದ ಮೇಲೆ ಕಾಕಾ ಕೂರುವ ‘ಈ ಕಡೆ’ ಎಲ್ಲಿ ಉಳಿಯಿತು? 2015ರಲ್ಲಿ ಡೆಂಪೊ ಕೆಳಗಿಳಿಯಿತು. ಮರುವರ್ಷವೇ ಎರಡನೇ ದರ್ಜೆ ಗೆದ್ದು ಮೇಲೆ ಬಂತು. ಆದರೆ ಐಎಸ್‌ಎಲ್ ಅನ್ನೇ ಅಗ್ರ ಲೀಗ್ ಮಾಡುವ ಯೋಜನೆ ವಿರೋಧಿಸಿ, 2016ರಲ್ಲಿ ಸಾಲ್ಗಾಂವ್ಕರ್, ಸ್ಪೋರ್ಟಿಂಗ್ ಜತೆ ತಾನೂ ಐ–ಲೀಗ್ ಬಿಟ್ಟಿತು. ರಣಜಿಯಲ್ಲಿ ಬಾಂಬೆಯ ಸತತ 15 ವರ್ಷಗಳ ಆಳ್ವಿಕೆಯನ್ನು 1974ರಲ್ಲಿ ಪ್ರಸನ್ನ ನಾಯಕತ್ವದ ಕರ್ನಾಟಕ ಮುರಿದದ್ದು ಆಡಿ. ಗೋವಾದ ಆಳ್ವಿಕೆಯನ್ನು ಬೆಂಗಳೂರು ಒಮ್ಮೆ ಆಡಿ ಮುರಿಯಿತು, ನಿಜ. ಆದರೆ ಅದು ಮತ್ತೆ ಏಳದಂತೆ ಆದದ್ದು ಕಾಗದದ ಮೇಲೆ. ಸಂಬಳಕ್ಕೆ ಮಿತಿ, ಹಿಂಬಡ್ತಿ ಇಲ್ಲ, ಎಲ್ಲರಿಗೂ ಸಮಾನ ಅವಕಾಶ ಎಂದರು ಐಎಸ್‌ಎಲ್‌ನವರು. 2024–25ರವರೆಗಿನ 11 ಐಎಸ್‌ಎಲ್ ಕಪ್‌ಗಳಲ್ಲಿ ಐದು ಕೋಲ್ಕತ್ತಕ್ಕೇ ಹೋಗಿವೆ.

ಎಫ್‌ಸಿ ಗೋವಾಕ್ಕೆ ಒಂದೂ ಇಲ್ಲ. 2015ರ ಫೈನಲ್ ಇದೇ ಫಾತೋರ್ಡಾದಲ್ಲಿ. 90ನೇ ನಿಮಿಷದವರೆಗೆ ಗೋವಾ 2–1ರಿಂದ ಮುಂದಿತ್ತು. ಚೆಂಡು ಗೋಲ್‌ಕೀಪರ್ ಲಕ್ಷ್ಮೀಕಾಂತ ಕಟ್ಟಿಮನಿಯಿಂದಲೇ ಒಳಹೋಯಿತು, ಬೆನ್ನಿಗೇ ಇನ್ನೊಂದು ಗೋಲು, ಕಪ್ ಚೆನ್ನೈಯಿನ್ ಪಾಲು. ಹುಟ್ಟಿದ್ದು ಗೋವಾದಲ್ಲೇ ಆದರೂ ಅಡ್ಡಹೆಸರು ಕನ್ನಡದ್ದು, ಅಷ್ಟೇ ಸಾಕೆಂದು ಕಟ್ಟಿಮನಿಯನ್ನು ಕಾಕಾ ‘ನಮ್ಮ ಹುಡುಗ’ ಮಾಡಿಕೊಂಡಿದ್ದಾರೆ. ಡೆಂಪೊದಲ್ಲಿ ಆಡಿದವನೆಂಬ ತಕರಾರು ಇದ್ದೇ ಇದೆ. 2022ರ ಮಾರ್ಚ್‌ನಲ್ಲಿ ಅದೇ ಮೈದಾನದಲ್ಲಿ, ಹೈದರಾಬಾದ್ ಪರ, ಕೇರಳ ಬ್ಲಾಸ್ಟರ್ಸ್ ವಿರುದ್ಧದ ಫೈನಲ್‌ನಲ್ಲಿ ಕಟ್ಟಿಮನಿ ಮೂರು ಪೆನಾಲ್ಟಿ ತಡೆದು ಕಪ್ ಗೆಲ್ಲಿಸಿದರು. ‘ಮೂರೂ!’ ಎಂದು ಕಾಕಾ ಬೆರಳೆತ್ತಿದರು, ಎದುರಿಗೆ ನಡೆಯುತ್ತಿದ್ದ ಪಂದ್ಯವನ್ನೇ ಮರೆತು.

ಚರ್ಚಿಲ್ ವಿಷಯ ತೆಗೆದೆ. 2025ರ ಏಪ್ರಿಲ್‌ನಲ್ಲಿ ಅವರನ್ನು ಐ–ಲೀಗ್ ವಿಜೇತರೆಂದು ಘೋಷಿಸಿದ್ದರು. ಜುಲೈನಲ್ಲಿ ಸ್ವಿಟ್ಜರ್ಲೆಂಡ್‌ನ ಕ್ರೀಡಾ ನ್ಯಾಯಮಂಡಳಿ ಆ ಪ್ರಶಸ್ತಿಯನ್ನು ಇಂಟರ್ ಕಾಶಿಗೆ ಕೊಟ್ಟಿತು. ಗೋವಾಕ್ಕೆ ಅನ್ಯಾಯವಾಯಿತು ಎಂದಾರೆಂದು ಕಾದೆ.

‘ಛಲೋ ಆತು ಬಿಡ್ರಿ’ ಎಂದರು ಕಾಕಾ. ಸಾಲ್ಗಾಂವ್ಕರ್ ರಾಷ್ಟ್ರೀಯ ಲೀಗ್ ಬಿಟ್ಟು ವರ್ಷಗಳೇ ಕಳೆದರೂ ಚರ್ಚಿಲ್‌ಗೆ ಪೆಟ್ಟು ಬಿದ್ದರೆ ಅವರಿಗೆ ಖುಷಿಯೋ ಖುಷಿ.