ಜಾಹೀರಾತಿನ ಕ್ಲಿಕ್ಕೂ ವಾಚಕನ ವಿಶ್ವಾಸವೂ

1994ನೆಯ ಇಸವಿಯ ಅಕ್ಟೋಬರ್ 27ರಂದು ಅಮೆರಿಕದ ‘ವೈರ್ಡ್’ ಪತ್ರಿಕೆಯವರು ‘ಹಾಟ್‌ವೈರ್ಡ್’ ಎಂಬ ಹೆಸರಿನಿಂದ ಅಂತರಜಾಲದಲ್ಲಿ ಒಂದು ತಾಣವನ್ನು ತೆರೆದಾಗ, ಅದರ ಪುಟಗಳಲ್ಲಿ ಉದ್ದನೆಯ ಪಟ್ಟಿಯ ಆಕಾರದ ಕೆಲವು ಜಾಹೀರಾತುಗಳೂ ಕಾಣಿಸಿಕೊಂಡುವು. ಅವುಗಳಲ್ಲಿ ಎಟಿ ಅಂಡ್ ಟಿ ಎಂಬ ದೂರವಾಣಿ ಸಂಸ್ಥೆಯದು ಈ ಉದ್ಯಮದ ಚರಿತ್ರೆಯಲ್ಲಿ ಮೊದಲ ಹೆಸರಾಗಿ ನಿಂತಿದೆ. ಆ ಪಟ್ಟಿಯಲ್ಲಿ ಸಂಸ್ಥೆಯ ಸರಕಿನ ಗುಣಗಾನವೇನೂ ಇರಲಿಲ್ಲ. ಇಲ್ಲಿ ಎಂದಾದರೂ ಮೌಸನ್ನು ಒತ್ತಿರುವಿರಾ ಎಂಬ ಒಂದು ಪ್ರಶ್ನೆ, ಒತ್ತಿಯೇ ಒತ್ತುವಿರಿ ಎಂಬ ಒಂದು ಭರವಸೆ, ಇಷ್ಟೆ. ಒತ್ತಿದವರನ್ನು ಅದು ಪ್ರಪಂಚದ ಹೆಸರಾಂತ ಕಲಾಸಂಗ್ರಹಾಲಯಗಳ ಪುಟಗಳ ಕಡೆಗೆ ಕರೆದೊಯ್ಯುತ್ತಿತ್ತು. ನೋಡಿದವರಲ್ಲಿ ನೂರಕ್ಕೆ 44 ಮಂದಿ ಅದನ್ನು ಒತ್ತಿದರೆಂದು ಅದನ್ನು ರೂಪಿಸಿದವರು ಹೇಳಿದ್ದಾರೆ. ಇಂದು ಅದೇ ಬಗೆಯ ಪಟ್ಟಿಗಳನ್ನು ನೂರು ಮಂದಿ ನೋಡಿದರೆ ಒಬ್ಬನಾದರೂ ಒತ್ತುವನೆಂಬ ಭರವಸೆಯಿಲ್ಲ. ಈ ಎರಡು ಸ್ಥಿತಿಗಳ ನಡುವಣ ಅಂತರವನ್ನು ಅರಿಯದೆ, ತನ್ನ ಬರಹದ ಪಕ್ಕದಲ್ಲಿ ಜಾಹೀರಾತನ್ನು ಇರಿಸಿ ನಾಲ್ಕು ಕಾಸು ಸಂಪಾದಿಸಬೇಕೆಂಬ ಲೇಖಕನು ಮುಂದಿನ ಹೆಜ್ಜೆಯನ್ನಿಡುವುದು ಕ್ಷೇಮವಲ್ಲ.

ಆರಂಭದಲ್ಲಿ ಜಾಹೀರಾತುದಾರನು ಹಣ ಕೊಡುತ್ತಿದ್ದುದು ಪ್ರದರ್ಶನಕ್ಕೆ. ವೃತ್ತಪತ್ರಿಕೆಯ ಅಂಕಣಕ್ಕೆ ಕೊಟ್ಟಂತೆಯೇ ಇಲ್ಲಿಯೂ ಇಷ್ಟು ಸಾವಿರ ಸಲ ತೋರಿಸಿದರೆ ಇಷ್ಟು ಹಣ ಎಂಬ ಲೆಕ್ಕ. ಒತ್ತಿದರೆ ಮಾತ್ರ ಹಣ ಎಂಬ ಪದ್ಧತಿಯನ್ನು 1998ರಲ್ಲಿ ಬಿಲ್ ಗ್ರೋಸ್ ಎಂಬಾತನು ‘ಗೋಟೂ ಡಾಟ್ ಕಾಮ್’ ಎಂಬ ಶೋಧತಾಣದ ಮೂಲಕ ಬಳಕೆಗೆ ತಂದನು. ಅಲ್ಲಿ ಹೆಚ್ಚು ಸವಾಲು ಕೂಗಿದವನ ಜಾಹೀರಾತಿಗೆ ಮೇಲಿನ ಸ್ಥಾನ. 2000ದಲ್ಲಿ ಜಾಹೀರಾತಿನ ವ್ಯವಹಾರಕ್ಕೆ ಇಳಿದಿದ್ದ ಗೂಗಲ್ ಸಂಸ್ಥೆಯು 2002ರಲ್ಲಿ ಇದೇ ಪದ್ಧತಿಯನ್ನು ಸ್ವೀಕರಿಸಿತಾದರೂ ಅದಕ್ಕೆ ಒಂದು ಮಹತ್ತ್ವದ ತಿದ್ದುಪಡಿಯನ್ನು ಸೇರಿಸಿತು: ಕೂಗಿದ ಬೆಲೆಯೊಂದನ್ನೇ ನೋಡದೆ, ತೋರಿಸಿದ ಜಾಹೀರಾತನ್ನು ಎಷ್ಟು ಮಂದಿ ಒತ್ತುತ್ತಾರೆ ಎಂಬುದನ್ನೂ ಗಣನೆಗೆ ತೆಗೆದುಕೊಂಡು ಸ್ಥಾನವನ್ನು ನಿರ್ಣಯಿಸತೊಡಗಿತು. ಹಣವುಳ್ಳವನು ಅಪ್ರಸ್ತುತವಾದ ಜಾಹೀರಾತಿನಿಂದ ಪುಟವನ್ನು ಆಕ್ರಮಿಸುವುದಕ್ಕೆ ಇದರಿಂದ ತಡೆಯುಂಟಾಯಿತು; ಕ್ಲಿಕ್ಕೆಂಬುದು ವಾಚಕನ ಸಮ್ಮತಿಯ ಸಂಕೇತವೆಂಬ ಪದವಿಗೇರಿತು. ಮರುವರ್ಷ, ಎಂದರೆ 2003ರಲ್ಲಿ, ಆಡ್‌ಸೆನ್ಸ್ ಎಂಬ ಯೋಜನೆಯ ಮೂಲಕ ಈ ಜಾಹೀರಾತುಗಳು ಸಾಮಾನ್ಯ ಲೇಖಕರ ಪುಟಗಳಿಗೂ ಬಂದುವು. ಜಾಹೀರಾತು ವಿಭಾಗವಾಗಲಿ, ವಸೂಲಿಯ ಗುಮಾಸ್ತನಾಗಲಿ ಇಲ್ಲದ ಒಬ್ಬಂಟಿ ಲೇಖಕನಿಗೂ ಸಂಪಾದನೆಯ ದಾರಿ ತೆರೆದುದು ಆಗಲೇ.

ಲೆಕ್ಕವೇನೋ ಸರಳ. ಒಂದು ಪುಟದಲ್ಲಿ ಜಾಹೀರಾತು ತಿಂಗಳಿಗೆ 10,000 ಸಲ ಕಾಣಿಸಿಕೊಂಡು, 50 ಸಲ ಒತ್ತಲ್ಪಟ್ಟರೆ ಅದರ ಕ್ಲಿಕ್ ದರ ನೂರಕ್ಕೆ ಅರ್ಧ. ಒಂದು ಕ್ಲಿಕ್ಕಿಗೆ 3 ರೂಪಾಯಿ ದೊರೆಯುವುದೆಂದು ಇಟ್ಟುಕೊಂಡರೆ ಆದಾಯ 150 ರೂಪಾಯಿ. ಕ್ಲಿಕ್ ದರವನ್ನು ಇಮ್ಮಡಿ ಮಾಡಿದರೆ ಅದೇ ವಾಚಕರಿಂದ 300 ರೂಪಾಯಿ. ಈ ಗಣಿತದ ಆಕರ್ಷಣೆಯೇ ಬಹುಮಂದಿಯನ್ನು ದಾರಿ ತಪ್ಪಿಸಿದೆ. ಏತಕ್ಕೆಂದರೆ ಇಲ್ಲಿ ಕ್ಲಿಕ್ಕಿನ ಸಂಖ್ಯೆ ಬದಲಾದರೂ ಅದರ ಬೆಲೆ ಬದಲಾಗದೆಂದು ಅವರು ಭಾವಿಸುತ್ತಾರೆ. ಬೆಲೆ ಬದಲಾಗುತ್ತದೆ. ಒಂದು ತಾಣದಿಂದ ಬಂದವರು ಕೊಳ್ಳುವುದಾಗಲಿ, ವಿಚಾರಿಸುವುದಾಗಲಿ, ಹೆಸರನ್ನು ನೋಂದಾಯಿಸುವುದಾಗಲಿ ಮಾಡುವ ಸಂಭವ ಕಡಿಮೆಯೆಂದು ಕಂಡುಬಂದರೆ, ಅಂಥ ಕ್ಲಿಕ್ಕಿಗೆ ಜಾಹೀರಾತುದಾರನು ತೆರಬೇಕಾದ ಬೆಲೆಯನ್ನು ತಾನಾಗಿಯೇ ತಗ್ಗಿಸುವ ಏರ್ಪಾಟನ್ನು ಗೂಗಲ್ 2004ರಲ್ಲಿಯೇ ಜಾರಿಗೆ ತಂದಿತು. ಸಂತೆಯಲ್ಲಿ ಕೈಹಿಡಿದು ಅಂಗಡಿಯೊಳಕ್ಕೆ ಎಳೆದು ತಂದ ಗಿರಾಕಿ ಬರಿಗೈಯಲ್ಲಿ ಹಿಂದಿರುಗುವನೆಂಬುದು ವ್ಯಾಪಾರಿಗೆ ಬಹುಬೇಗ ತಿಳಿದುಹೋಗುವುದಷ್ಟೆ.

ಹಾಗಾದರೆ ನೂರಕ್ಕೆ 44ರಷ್ಟಿದ್ದುದು ಇಷ್ಟು ಕೆಳಕ್ಕೆ ಇಳಿದುದೇತಕ್ಕೆ? ನವೀನತೆ ಸವೆದುಹೋದುದು ಒಂದು ಕಾರಣ. ಅದಕ್ಕಿಂತ ಗಹನವಾದುದು ಮನುಷ್ಯನ ದೃಷ್ಟಿಯ ಸ್ವಭಾವ. ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಬೆನ್‌ವೇ ಮತ್ತು ಲೇನ್ ಎಂಬ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಪುಟದ ಉಳಿದ ಭಾಗದಿಂದ ಬೇರ್ಪಟ್ಟು ದೊಡ್ಡದಾಗಿ, ವರ್ಣಮಯವಾಗಿ ನಿಂತಿದ್ದ ಸೂಚನೆಗಳನ್ನೇ ಜನ ಕಾಣದೆ ಹೋದರು. ತಾವು ಹುಡುಕುತ್ತಿದ್ದ ವಿಷಯ ಅದರಲ್ಲಿಯೇ ಇದ್ದರೂ ಅವರ ಕಣ್ಣು ಅದನ್ನು ದಾಟಿ ಮುಂದೆ ಸರಿಯಿತು. ಯಾವುದು ಕೂಗಿ ಕರೆಯುತ್ತದೆಯೋ ಅದು ಜಾಹೀರಾತಿರಬೇಕೆಂದು ವಾಚಕನ ಕಣ್ಣು ಕಲಿತುಬಿಟ್ಟಿತ್ತು. ಆದುದರಿಂದ ಬಣ್ಣವನ್ನು ಇನ್ನಷ್ಟು ಗಾಢಗೊಳಿಸುವುದು, ಚಿತ್ರವನ್ನು ಮಿನುಗಿಸುವುದು, ಪುಟದ ನಾಲ್ಕು ಮೂಲೆಗಳಲ್ಲಿಯೂ ಜಾಹೀರಾತನ್ನು ತುಂಬುವುದು ಇವೆಲ್ಲ ಆ ಕುರುಡನ್ನು ಬಲಪಡಿಸುವ ಉಪಾಯಗಳೇ ಸರಿ.

ಕಣ್ಣು ಬೀಳದಿರುವುದು ಒಂದಾದರೆ, ತೆರೆಯ ಮೇಲೆ ಬಾರದೆಯೇ ಇರುವುದು ಇನ್ನೊಂದು. ತನ್ನ ವ್ಯವಸ್ಥೆಗಳ ಮೂಲಕ ಹಂಚಿಕೆಯಾದ ಜಾಹೀರಾತುಗಳನ್ನು ಗೂಗಲ್ 2014ರಲ್ಲಿ ಪರಿಶೀಲಿಸಿದಾಗ, ನೂರಕ್ಕೆ 56ಕ್ಕೂ ಹೆಚ್ಚಿನವು ಯಾರ ದೃಷ್ಟಿಪಥಕ್ಕೂ ಬಂದಿರಲಿಲ್ಲ. ಜಾಹೀರಾತಿನ ಅರ್ಧ ಭಾಗವಾದರೂ ಒಂದು ಸೆಕೆಂಡಿನ ಕಾಲ ತೆರೆಯ ಮೇಲಿದ್ದರೆ ಅದು ಕಾಣುವಂತಿತ್ತೆಂದು ಎಣಿಸಬಹುದೆಂಬುದು ಉದ್ಯಮದ ಅಳತೆಗೋಲು; ಅಷ್ಟು ಉದಾರವಾದ ಅಳತೆಗೂ ಅರ್ಧಕ್ಕಿಂತ ಹೆಚ್ಚಿನವು ನಿಲುಕಲಿಲ್ಲ. ಇದೇ ಅಧ್ಯಯನದಿಂದ ಹೊರಬಿದ್ದ ಇನ್ನೊಂದು ಸಂಗತಿ ಲೇಖಕರಿಗೆ ನೇರವಾಗಿ ಉಪಯುಕ್ತವಾದುದು: ಅತಿ ಹೆಚ್ಚು ಕಾಣುವ ಸ್ಥಾನ ಪುಟದ ನೆತ್ತಿಯಲ್ಲ, ಪುಟ ತೆರೆದೊಡನೆ ತೆರೆಯ ಮೇಲೆ ಮೂಡುವ ಭಾಗದ ಕೆಳಅಂಚಿಗೆ ತುಸು ಮೇಲಿನ ಸ್ಥಾನ. ವಾಚಕನು ಬರಹವನ್ನು ಹುಡುಕುತ್ತ ನೆತ್ತಿಯನ್ನು ಬೇಗನೆ ದಾಟಿಬಿಡುವನು. ಓದಿನಲ್ಲಿ ನೆಲೆಗೊಂಡ ಮೇಲೆ ಅವನ ದೃಷ್ಟಿ ಮಂದಗತಿಯಲ್ಲಿ ಚಲಿಸುವುದು. ಪೀಠಿಕೆಯ ಒಂದೆರಡು ಕಂಡಿಕೆಗಳಾದ ಬಳಿಕ ಒಂದು ಜಾಹೀರಾತು, ಬರಹ ದೀರ್ಘವಾಗಿದ್ದರೆ ನಡುವೆ ಮತ್ತೊಂದು, ಓದು ಮುಗಿದೆಡೆಯಲ್ಲಿ ಇನ್ನೊಂದು. ಇದಕ್ಕಿಂತ ಹೆಚ್ಚಿನದನ್ನು ಸಾಮಾನ್ಯ ಲೇಖನವೊಂದು ಹೊರಲಾರದೆಂಬುದು ನನ್ನ ಅಭಿಪ್ರಾಯ.

ಕೆಲವರು ಬೇರೆಯ ದಾರಿಯನ್ನು ಹಿಡಿಯುತ್ತಾರೆ. ಜಾಹೀರಾತಿಗೆ ಬರಹದ ವೇಷವನ್ನೇ ತೊಡಿಸಿ, ‘ಉಪಯುಕ್ತ ಮಾಹಿತಿ’ ಎಂಬ ಶೀರ್ಷಿಕೆಯನ್ನು ಅಂಟಿಸಿ, ‘ಮುಂದಿನ ಪುಟ’ ಎಂಬ ಗುಂಡಿಗೆ ತಾಗಿದಂತೆ ಅದನ್ನಿರಿಸಿ, ಬೆರಳು ತಪ್ಪಿ ಬೀಳುವುದನ್ನೇ ಕಾಯುವುದು ಆ ದಾರಿ. ಆಡ್‌ಸೆನ್ಸಿನ ನಿಯಮಗಳು ಇವೆಲ್ಲವನ್ನೂ ನಿಷೇಧಿಸಿವೆ. ಒತ್ತಿರೆಂದು ವಾಚಕರನ್ನು ಬೇಡುವುದೂ, ತನ್ನ ಪುಟದ ಜಾಹೀರಾತನ್ನು ತಾನೇ ಒತ್ತುವುದೂ ಕೂಡದು. ತಪ್ಪಿ ನಡೆದವರ ಖಾತೆ ಮುಚ್ಚಲ್ಪಡುವುದು ಅಪರೂಪವೇನಲ್ಲ. ನಮ್ಮ ದೇಶದಲ್ಲಿಯೂ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಗ್ರಾಹಕನನ್ನು ವಂಚಿಸುವ 13 ವಿನ್ಯಾಸಕ್ರಮಗಳನ್ನು ಹೆಸರಿಸಿದ್ದು, ವೇಷ ಮರೆಸಿಕೊಂಡ ಜಾಹೀರಾತೂ ಅವುಗಳಲ್ಲಿ ಒಂದು. ಕಾನೂನಿನ ಮಾತು ಹಾಗಿರಲಿ. ಜ್ವರ ಬಂದ ಮಗುವಿನ ವಿಷಯವನ್ನು ತಿಳಿಯಲು ಬಂದ ತಾಯಿಯನ್ನು ಮೋಸದಿಂದ ಸಾಲದ ಅಂಗಡಿಗೆ ಅಟ್ಟುವುದು ಬರಹವೆಂಬ ಧರ್ಮಕ್ಕೆ ಬಗೆಯುವ ದ್ರೋಹ. ಅಂಥ ಹಣವನ್ನು ಯಾವ ಲೇಖಕನೂ ಬಯಸಬಾರದು.

ಕ್ಲಿಕ್ ದರವನ್ನು ನ್ಯಾಯವಾಗಿ ಹೆಚ್ಚಿಸತಕ್ಕ ಶಕ್ತಿ ಎಲ್ಲಕ್ಕಿಂತ ಮಿಗಿಲಾಗಿ ಇರುವುದು ವಿಷಯದ ಆಯ್ಕೆಯಲ್ಲಿ. ವಾಚಕನು ಯಾವ ಉದ್ದೇಶದಿಂದ ಪುಟಕ್ಕೆ ಬಂದನೋ ಆ ಉದ್ದೇಶದ ಮುಂದಿನ ಮೆಟ್ಟಿಲಾಗಿ ಜಾಹೀರಾತು ನಿಂತರೆ ಅದು ಅವನಿಗೆ ಅಡ್ಡಿಯೆನಿಸದು. ಅಡಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಯಾವಾಗ, ಹೇಗೆ ಸಿಂಪಡಿಸಬೇಕೆಂಬುದನ್ನು ವಿವರಿಸುವ ಪುಟದಲ್ಲಿ ಸಿಂಪರಣಾ ಯಂತ್ರದ ಜಾಹೀರಾತು ಕಂಡರೆ, ಮಳೆಗಾಲದ ಹೊಸ್ತಿಲಲ್ಲಿ ನಿಂತ ಮಲೆನಾಡಿನ ಕೃಷಿಕನು ಅದನ್ನು ಕುತೂಹಲದಿಂದಲೇ ಒತ್ತುವನು. ದಿನದ ರಾಜಕೀಯ ಗದ್ದಲವನ್ನು ಕುರಿತ ಪುಟದಲ್ಲಿ ಅದೇ ಜಾಹೀರಾತು ವ್ಯರ್ಥ. ಸುದ್ದಿಯ ಪುಟಕ್ಕೆ ಬಂದವನಿಗೆ ಕೊಳ್ಳುವ ಮನಸ್ಸಿಲ್ಲ. ಹೇಗೆ ಮಾಡಲಿ, ಯಾವುದನ್ನು ಕೊಳ್ಳಲಿ, ಎಲ್ಲಿ ಕಲಿಯಲಿ ಎಂಬ ಪ್ರಶ್ನೆಯೊಡನೆ ಬಂದವನಿಗೆ ಅದು ಉಂಟು. ಹತ್ತು ವಿಷಯಗಳನ್ನು ಮೇಲೆ ಮೇಲೆ ಮುಟ್ಟುವ ಬರಹಗಳಿಗಿಂತ ಒಂದನ್ನು ಆಳವಾಗಿ ಬಿಡಿಸಿದ ಬರಹಕ್ಕೆ ತಕ್ಕ ಜಾಹೀರಾತನ್ನು ಆಯುವುದು ಯಂತ್ರಕ್ಕೂ ಸುಲಭ.

ಕನ್ನಡದ ಲೇಖಕನಿಗೆ ಇಲ್ಲಿ ಒಂದು ವಿಶೇಷವಾದ ಕಷ್ಟವಿದೆ. ಆಡ್‌ಸೆನ್ಸ್ ಹಿಂದಿ ಪುಟಗಳಿಗೆ 2014ರಲ್ಲಿ ದೊರೆಯಿತು. ಕನ್ನಡಕ್ಕೆ ಆ ಭಾಗ್ಯ ಬಂದುದು ಅದಕ್ಕೆ ಎಷ್ಟೋ ತರುವಾಯ. ಹರಾಜಿನಲ್ಲಿ ಸವಾಲು ಕೂಗುವವರು ಕಡಿಮೆಯಾದಷ್ಟೂ ಬೆಲೆ ಕಡಿಮೆ; ಕನ್ನಡ ಪುಟಗಳಿಗೆಂದೇ ಕೂಗುವ ಜಾಹೀರಾತುದಾರರು ಇಂಗ್ಲಿಷಿಗಿಂತ ಬಹಳ ವಿರಳ. 2011ರ ಜನಗಣತಿಯಂತೆ 4 ಕೋಟಿ 37 ಲಕ್ಷ ಜನರ ಮಾತೃಭಾಷೆಯಾದ ನುಡಿಗೆ ಇದು ನ್ಯಾಯವಾದ ಬೆಲೆಯೆಂದು ನಾನು ಒಪ್ಪಲಾರೆ. ಆದರೆ ಗೊಣಗುವುದರಿಂದ ಪ್ರಯೋಜನವಿಲ್ಲ. ಯಂತ್ರದ ಹರಾಜನ್ನು ಮಾತ್ರ ನೆಚ್ಚದೆ, ತನ್ನ ಊರಿನ ಸಸಿ ಮಾರುವವರನ್ನೂ ಪುಸ್ತಕದ ಅಂಗಡಿಯವರನ್ನೂ ಲೇಖಕನೇ ನೇರವಾಗಿ ಕಂಡು, ಮಾಸಿಕ ದರಕ್ಕೆ ಒಂದು ಜಾಹೀರಾತನ್ನು ಒಪ್ಪಿಸಿಕೊಳ್ಳುವುದು ಅವಮಾನದ ಕೆಲಸವಲ್ಲ. ನಮ್ಮ ಸಣ್ಣ ಪತ್ರಿಕೆಗಳು ಬದುಕಿಕೊಂಡು ಬಂದುದು ಹಾಗೆಯೇ.

ಪುಟದ ಕಟ್ಟಣೆಯ ವಿಚಾರದಲ್ಲಿ ಹೇಳಬೇಕಾದುದು ಸ್ವಲ್ಪವೆ. ಪುಟದ ಮುಖ್ಯಭಾಗ ಎರಡೂವರೆ ಸೆಕೆಂಡಿನೊಳಗೆ ಮೂಡಿದರೆ ಒಳ್ಳೆಯದೆಂದು ಗೂಗಲಿನ ಮಾನದಂಡ. ಜಾಹೀರಾತು ತಡವಾಗಿ ಬಂದು ಓದುತ್ತಿದ್ದ ಸಾಲನ್ನು ಕೆಳಕ್ಕೆ ತಳ್ಳದಂತೆ, ಅದಕ್ಕೆ ಬೇಕಾದಷ್ಟು ಎಡೆಯನ್ನು ಮೊದಲೇ ಕಾದಿರಿಸಬೇಕು. ಮೊಬೈಲಿನಲ್ಲಿ ಬರಹದ ಎತ್ತರದ ನೂರಕ್ಕೆ 30ನ್ನು ಮೀರಿ ಜಾಹೀರಾತು ತುಂಬಿದರೆ, ಉತ್ತಮ ಜಾಹೀರಾತಿಗಾಗಿ ಉದ್ಯಮದವರೇ ಮಾಡಿಕೊಂಡ ಕಟ್ಟುಪಾಡಿನಂತೆ ಅದು ಕಿರುಕುಳವೆನಿಸುವುದು. ಅಂಥ ಕಿರುಕುಳವನ್ನು ಬಿಡದ ತಾಣಗಳ ಜಾಹೀರಾತುಗಳನ್ನು ಗೂಗಲಿನ ಬ್ರೌಸರಾದ ಕ್ರೋಮ್ 2018ರಿಂದ ತಡೆಯುತ್ತ ಬಂದಿದೆ.

ಇನ್ನೊಂದು ಪರಿವರ್ತನೆಯನ್ನು ಹಳೆಯ ಕೈಪಿಡಿಗಳನ್ನು ಓದಿ ಹೊರಟವರು ಅವಶ್ಯವಾಗಿ ತಿಳಿಯತಕ್ಕದ್ದು. ಗೂಗಲ್ 2023ರ ನವೆಂಬರಿನಲ್ಲಿ ಘೋಷಿಸಿ 2024ರ ಆದಿಯಲ್ಲಿ ಆಚರಣೆಗೆ ತಂದಂತೆ, ಆಡ್‌ಸೆನ್ಸ್ ಈಗ ಲೇಖಕನಿಗೆ ಹಣ ಕೊಡುವುದು ಮುಖ್ಯವಾಗಿ ಕ್ಲಿಕ್ಕಿಗಲ್ಲ, ಪ್ರದರ್ಶನಕ್ಕೆ. ಜಾಹೀರಾತುದಾರನ ಕಡೆಯ ವೆಚ್ಚ ಕಳೆದ ಮೇಲೆ ಉಳಿದುದರಲ್ಲಿ ನೂರಕ್ಕೆ 80 ಲೇಖಕನಿಗೆ; ಗೂಗಲಿನ ಮೂಲಕವೇ ಕೊಂಡ ಜಾಹೀರಾತಾದರೆ ಒಟ್ಟಿನಲ್ಲಿ ಸುಮಾರು 68 ಅವನ ಪಾಲು. ಒತ್ತುವ ಸಂಭವ ಎಷ್ಟೆಂಬುದನ್ನು ನೋಡಿಕೊಂಡೇ ಹರಾಜಿನ ಬೆಲೆ ಏರಿಳಿಯುವುದರಿಂದ ಕ್ಲಿಕ್ಕಿನ ಮಹತ್ತ್ವ ಅಳಿದಿಲ್ಲ. ಆದರೆ ವಾಚಕನು ಪುಟದಲ್ಲಿ ಎಷ್ಟು ಹೊತ್ತು ನಿಲ್ಲುವನು, ಎಷ್ಟು ದೂರ ಓದುವನು, ಮತ್ತೆ ಬರುವನೋ ಇಲ್ಲವೋ ಎಂಬುವು ಅದಕ್ಕಿಂತ ದೊಡ್ಡ ಪ್ರಶ್ನೆಗಳಾಗಿವೆ.

ಈ ದಾರಿಯಲ್ಲಿ ಹೊರಟ ಲೇಖಕಮಿತ್ರರಲ್ಲಿ ನನ್ನ ಬಿನ್ನಹ ಇಷ್ಟೆ: ಇನ್ನೊಂದು ಜಾಹೀರಾತನ್ನು ಸೇರಿಸುವ ಮುನ್ನ, ಅಗ್ಗದ ಮೊಬೈಲೊಂದರಲ್ಲಿ, ಸಂಪರ್ಕ ಮಂದವಾಗಿರುವ ಕಡೆ ಕುಳಿತು, ನಿಮ್ಮ ಪುಟವನ್ನು ಮೊದಲಿನಿಂದ ಕಡೆಯವರೆಗೆ ಒಮ್ಮೆ ನೀವೇ ಓದಿ ನೋಡಿರಿ, ಎಲ್ಲಿ ನಿಮಗೆ ಬೇಸರವಾಯಿತೋ ಅಲ್ಲಿಂದ ಒಂದು ಜಾಹೀರಾತನ್ನು ತೆಗೆದುಹಾಕಿರಿ.