ಮೃತಳಿಗಾಗಿ ಬರೆದ ಚಿತ್ರ

ಇಂಗ್ಲೆಂಡಿನ ಆಕ್ಸ್‌ಫರ್ಡ್‌ಷೈರಿನಲ್ಲಿ ಯೂಎಲ್ಮ್ ಎಂಬ ಹಳ್ಳಿಯಿದೆ. ಅಲ್ಲಿಯ ಸೇಂಟ್ ಮೇರಿ ಇಗರ್ಜಿಯ ಬಹುಭಾಗವನ್ನು 1430ರ ದಶಕದಲ್ಲಿ ಕಟ್ಟಿಸಿದವರು ಸಫೋಕಿನ ಪ್ರಭು ವಿಲಿಯಂ ಡಿ ಲಾ ಪೋಲ್ ಮತ್ತು ಆತನ ಪತ್ನಿ ಆಲಿಸ್. ಈಕೆ ಕವಿ ಚಾಸರನ ಮೊಮ್ಮಗಳು. ಇಗರ್ಜಿಯ ಮಗ್ಗುಲಲ್ಲೇ 13 ಮಂದಿ ಬಡವರಿಗಾಗಿ ಈ ದಂಪತಿಗಳು 1437ರಲ್ಲಿ ಧರ್ಮಶಾಲೆಯೊಂದನ್ನೂ ಸ್ಥಾಪಿಸಿದರು. ಸಂಸ್ಥಾಪಕರ ಆತ್ಮಗಳಿಗಾಗಿ ಪ್ರಾರ್ಥಿಸುವುದು ಆ ಬಡವರ ಕರ್ತವ್ಯವಾಗಿತ್ತು.

1475ರಲ್ಲಿ ತೀರಿಕೊಂಡ ಆಲಿಸಳ ಸಮಾಧಿ ಪೂಜಾವೇದಿಯ ಸಮೀಪದಲ್ಲಿದೆ. ಮೇಲ್ಗಡೆ, ಅಲಬಾಸ್ಟರ್ ಶಿಲೆಯಲ್ಲಿ ಮಲಗಿದ ಡಚೆಸ್: ತಲೆಗೆ ಕಿರೀಟ, ಎಡ ಮುಂದೋಳಿನಲ್ಲಿ ಗಾರ್ಟರ್ ಗೌರವಪಟ್ಟಿ. ಕೆಳಗಡೆ, ಕಲ್ಲಿನ ಜಾಲಂಧ್ರದ ಹಿಂದೆ, ಅವಳೇ ಮತ್ತೊಮ್ಮೆ: ಹೆಣಬಟ್ಟೆಯೊಳಗಿನ ಕೃಶವಾದ ಶವ. ಐಹಿಕ ವೈಭವದ ಕೊನೆ ಇದೆಂದು ನಾವು ನಿಟ್ಟುಸಿರಿಟ್ಟು ಮುಂದೆ ಸಾಗಬಹುದು.

ಆದರೆ ನೆಲಕ್ಕೆ ಒರಗಿ ಜಾಲಂಧ್ರದೊಳಗೆ ಇಣುಕಿದವನಿಗೆ ಬೇರೊಂದು ಕಾಣುತ್ತದೆ. ಶವದ ಮೇಲಣ ಕಿರುಚಾವಣಿಯಲ್ಲಿ ಒಂದು ವರ್ಣಚಿತ್ರವಿದೆ: ದೇವದೂತ ಗೇಬ್ರಿಯಲ್ ಕನ್ಯೆ ಮೇರಿಗೆ ಶಿಶುಜನನದ ವಾರ್ತೆಯನ್ನು ತಿಳಿಸುತ್ತಿದ್ದಾನೆ. ನಿಂತವರಿಗೆ ಅದು ಕಾಣದು. ಆ ಕಲ್ಲಿನ ಕಣ್ಣುಗಳಿಗೆ ಮಾತ್ರ ಸದಾ ಎದುರಿಗಿದೆ.

ಕಲೆಗೆ ಸಹೃದಯನೊಬ್ಬ ಬೇಕೆನ್ನುತ್ತೇವೆ. ಈ ಚಿತ್ರಕಾರನಿಗೆ ಮೃತಳೇ ಸಹೃದಯೆ. ಬದುಕಿರುವವರಿಗೆ ಮರಣದ ಎಚ್ಚರಿಕೆ, ಸತ್ತವಳಿಗೆ ಜನನದ ಸುವಾರ್ತೆ. ಒಂದೇ ಸಮಾಧಿ ಎರಡನ್ನೂ ನುಡಿಯುತ್ತದೆ.